ಘಟ್ಟದ ಮೇಲೆ ಹನ್ನೆರಡು ಮಂದಿಯ ಲಗ್ನ: ಕಾಯ್ದೆ ಏನು ಕೇಳುತ್ತದೆ, ಕಾಡು ಏನು ಕೇಳುತ್ತದೆ

ಪ್ರಶ್ನೆ: ನಾನು ಬೈಲಹೊಂಗಲ ಕಡೆಯವಳು. ವಯಸ್ಸು 28, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಾನು ಮದುವೆಯಾಗಲಿರುವವರಿಗೆ 31, ಊರು ಜಮಖಂಡಿ. ಕೆಲವು ವರ್ಷಗಳಿಂದ ಬೆಳಗಾವಿಯಲ್ಲಿ ಮನೆ ಮಾಡಿಕೊಂಡು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎಂಜಿನಿಯರ್ ಆಗಿದ್ದಾರೆ. ನಮ್ಮದು ಲಿಂಗಾಯತ ಮನೆ, ಅವರದು ಜೈನರ ಮನೆ. ನಮ್ಮ ಅವ್ವನಿಗೆ ಒಪ್ಪಿಗೆ ಇದೆ, ಅಪ್ಪ ಏನೂ ಮಾತಾಡುವುದಿಲ್ಲ, ದೊಡ್ಡಪ್ಪನಿಗೆ ಮಾತ್ರ ಸುತರಾಂ ಒಪ್ಪಿಗೆ ಇಲ್ಲ. ಅವರ ಮನೆಯವರು ಒಪ್ಪಿದ್ದಾರೆ, ಆದರೆ ಸಾವಿರ ಮಂದಿಗೆ ಊಟ ಹಾಕಬೇಕು ಎನ್ನುತ್ತಾರೆ. ನಮಗೆ ಅದು ಬೇಡ. ದಸರಾ, ದೀಪಾವಳಿ ನಡುವೆ, ಮಳೆ ನಿಂತು ಹಸಿರು ಇನ್ನೂ ಒಣಗದ ದಿನಗಳಲ್ಲಿ, ಚೋರ್ಲಾ ಘಾಟ್‌ನಲ್ಲೋ ಭೀಮಗಡದ ಕಾಡಿನ ಹಳ್ಳದ ದಂಡೆಯಲ್ಲೋ ಅಂಬೋಲಿಯಲ್ಲೋ ಹತ್ತು ಹನ್ನೆರಡು ಗೆಳೆಯರ ಎದುರು ಸೂರ್ಯೋದಯಕ್ಕೆ ಹಾರ ಬದಲಾಯಿಸಿಕೊಂಡು ಮದುವೆಯಾಗಿ, ಆಮೇಲೆ ಮನೆಯವರಿಗೆ ತಿಳಿಸಬೇಕೆಂದಿದ್ದೇವೆ. ಮನಾಲಿಯ ವಿಚಾರವೂ ಇದೆ. ಒಬ್ಬ ಏಜೆಂಟರು ಒಂದೇ ದಿನದಲ್ಲಿ ಮದುವೆ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಎಂದಿದ್ದಾರೆ. ಇಂಥ ಮದುವೆ ನಿಲ್ಲುತ್ತದೆಯೇ? ದೊಡ್ಡಪ್ಪ ಪೊಲೀಸ್ ಕೇಸು ಹಾಕಿದರೆ? ನನಗೆ ಆಸ್ತಿಯ ಪಾಲು ತಪ್ಪುತ್ತದೆ ಎಂದು ಹೆದರಿಸುತ್ತಿದ್ದಾರೆ, ಅದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಅಂಜಿಕೆ ಒಂದೇ ಎಂದು ನನಗೆ ತೋರುತ್ತದೆ. ಇಷ್ಟು ಚಿಕ್ಕದಾಗಿ, ಊರಿನಿಂದ ದೂರದಲ್ಲಿ, ಹಿರಿಯರಿಲ್ಲದೆ ಮಾಡಿಕೊಂಡ ಮದುವೆಯನ್ನು ನಾಳೆ ಯಾರಾದರೂ ‘ಇದು ಲಗ್ನವೇ ಅಲ್ಲ’ ಎಂದರೆ ನಿಮ್ಮ ಗತಿ ಏನು ಎಂಬುದು ಆ ಅಂಜಿಕೆ. ಬೆಳಗಾವಿಯಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆಯಾಗಿ ನಾನು ಕಂಡಿರುವುದನ್ನು ಮೊದಲೇ ಹೇಳುತ್ತೇನೆ. ಮದುವೆಯ ಸಿಂಧುತ್ವದ ಪ್ರಶ್ನೆ ಎದ್ದಾಗ ಎಷ್ಟು ಮಂದಿ ಉಂಡುಹೋದರು ಎಂದು ನ್ಯಾಯಾಲಯ ಕೇಳುವುದಿಲ್ಲ. ಯಾವ ವಿಧಿ ನಡೆಯಿತು, ಯಾರು ನಡೆಸಿದರು, ಕಣ್ಣಾರೆ ಕಂಡವರು ಯಾರು ಎಂದು ಕೇಳುತ್ತದೆ. ಮದುವೆ ಚಿಕ್ಕದಾದರೆ ಕಾನೂನಿಗೆ ಯಾವ ಅಭ್ಯಂತರವೂ ಇಲ್ಲ, ಆದರೆ ಗುಟ್ಟಾದಷ್ಟೂ ಅದನ್ನು ರುಜುವಾತು ಮಾಡುವುದು ಕಷ್ಟವಾಗುತ್ತದೆ. ನಿಮ್ಮ ಯೋಜನೆಯಲ್ಲಿ ಈ ಎರಡೂ ಒಂದರೊಳಗೊಂದು ಸೇರಿಕೊಂಡಿವೆ. ಚಿಕ್ಕ ಮದುವೆಯನ್ನು ಇಟ್ಟುಕೊಂಡು ಗುಟ್ಟನ್ನು ಬಿಡಿ ಎಂಬುದು ನನ್ನ ಸಲಹೆ, ಮತ್ತು ಅದಕ್ಕೆ ಕಾರಣಗಳನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ನಿಮ್ಮಿಬ್ಬರಿಗೂ ಅನ್ವಯಿಸುವ ಕಾಯ್ದೆ ಯಾವುದೆಂಬುದರ ಬಗ್ಗೆ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಲಿಂಗಾಯತರು ಮತ್ತು ಜೈನರು ಮದುವೆಯಾಗಬೇಕಾದರೆ ಸ್ಪೆಷಲ್ ಮ್ಯಾರೇಜ್ ಕಾಯ್ದೆಯೊಂದೇ ದಾರಿ ಎಂದು ಬಹಳ ಮಂದಿ ನಂಬಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಮು ವೀರಶೈವರು, ಲಿಂಗಾಯತರು, ಬೌದ್ಧರು, ಜೈನರು ಮತ್ತು ಸಿಖ್ಖರನ್ನು ಹೆಸರು ಹಿಡಿದು ತನ್ನ ವ್ಯಾಪ್ತಿಯೊಳಗೆ ಸೇರಿಸಿಕೊಂಡಿದೆ. ಧರ್ಮದ ಪ್ರಶ್ನೆಯಾಗಿ ಇದನ್ನು ಯಾರು ಹೇಗೆ ನೋಡುತ್ತಾರೆ ಎಂಬುದು ಬೇರೆ ಚರ್ಚೆ. ಮದುವೆಯ ಮಟ್ಟಿಗೆ ನೀವಿಬ್ಬರೂ ಈ ಒಂದೇ ಕಾಯ್ದೆಯಡಿ ಬರುತ್ತೀರಿ. ಆದ್ದರಿಂದ ನಿಮಗೆ ಎರಡು ದಾರಿಗಳಿವೆ: ಹಿಂದೂ ವಿವಾಹ ಕಾಯ್ದೆಯಂತೆ ವಿಧಿಪೂರ್ವಕ ಮದುವೆಯಾಗಿ ನಂತರ ನೋಂದಣಿ ಮಾಡಿಸುವುದು, ಅಥವಾ 1954ರ ಸ್ಪೆಷಲ್ ಮ್ಯಾರೇಜ್ ಕಾಯ್ದೆಯಂತೆ ವಿವಾಹಾಧಿಕಾರಿಯ ಎದುರು ಮದುವೆಯಾಗುವುದು.

ಮೊದಲನೆಯ ದಾರಿಯಲ್ಲಿ ಎಲ್ಲವೂ ನಿಂತಿರುವುದು 7ನೇ ಕಲಮಿನ ಮೇಲೆ. ವಧು ಅಥವಾ ವರ, ಇಬ್ಬರಲ್ಲಿ ಯಾರಾದರೂ ಒಬ್ಬರ ಮನೆತನದಲ್ಲಿ ರೂಢಿಯಲ್ಲಿರುವ ವಿಧಿಯಂತೆ ಮದುವೆ ನಡೆಯಬೇಕು ಎಂದು ಅದು ಹೇಳುತ್ತದೆ. ಆ ವಿಧಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ನೀವು ಬರೆದಂತೆ ಹಾರ ಬದಲಾಯಿಸಿಕೊಂಡು ಫೋಟೊ ತೆಗೆಸಿಕೊಂಡರೆ, ಅದು ಎಷ್ಟೇ ಮನಃಪೂರ್ವಕವಾಗಿದ್ದರೂ, ಈ ಕಲಮಿನ ಅಗತ್ಯ ಪೂರೈಸುವುದಿಲ್ಲ. ತಮಿಳುನಾಡಿನಲ್ಲಿ ಹಾರ ಅಥವಾ ಉಂಗುರ ಬದಲಾವಣೆಯಿಂದಲೇ ಮದುವೆಯಾಗುತ್ತದೆ ಎಂದು ನೀವು ಕೇಳಿರಬಹುದು. ಅದು ನಿಜ, ಏಕೆಂದರೆ ಆ ರಾಜ್ಯ 1967ರ ತಿದ್ದುಪಡಿಯಿಂದ 7ಎ ಎಂಬ ಕಲಮನ್ನು ಸೇರಿಸಿಕೊಂಡಿದೆ. ಕರ್ನಾಟಕದಲ್ಲಿ ಅಂಥ ಕಲಮಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠದ ಎದುರು ಇಬ್ಬರು ಪೈಲಟ್‌ಗಳ ಪ್ರಕರಣ ಬಂದಿತ್ತು. ಯಾವ ವಿಧಿಯನ್ನೂ ನಡೆಸದೆ ಒಂದು ಖಾಸಗಿ ಸಂಸ್ಥೆಯಿಂದ ಸರ್ಟಿಫಿಕೇಟ್ ಪಡೆದು, ಅದರ ಆಧಾರದ ಮೇಲೆ ಅವರು ಸರ್ಕಾರಿ ನೋಂದಣಿಯನ್ನೂ ಮಾಡಿಸಿಕೊಂಡಿದ್ದರು. ವಿಧಿಯೇ ನಡೆಯದಿದ್ದ ಮೇಲೆ ಆ ನೋಂದಣಿಯಿಂದ ಮದುವೆ ಹುಟ್ಟುವುದಿಲ್ಲ, ಅವರು ಗಂಡಹೆಂಡಿರೇ ಆಗಿರಲಿಲ್ಲ ಎಂದು ಕೋರ್ಟ್ ಘೋಷಿಸಿತು. ನಿಮ್ಮ ಏಜೆಂಟರು ಒಂದೇ ದಿನದಲ್ಲಿ ಕೊಡಿಸುತ್ತೇನೆ ಎನ್ನುತ್ತಿರುವ ಕಾಗದ ಬಹುಮಟ್ಟಿಗೆ ಇದೇ ಜಾತಿಯದು. ನಡೆಯದ ಮದುವೆಯನ್ನು ನಡೆದಿದೆ ಎಂದು, ಎಂದೂ ನೋಡದ ಕಲ್ಯಾಣ ಮಂಟಪದ ಹೆಸರು ಹಾಕಿ ಅರ್ಜಿ ತುಂಬಿಸುವವರಿದ್ದಾರೆ. ಅದಕ್ಕೆ ಸಹಿ ಹಾಕುವವರು ನೀವು, ಸುಳ್ಳು ಹೇಳಿಕೆಯ ಹೊಣೆಯೂ ನಿಮ್ಮದೇ ಆಗುತ್ತದೆ. ಆ ರೊಕ್ಕವನ್ನು ದಯವಿಟ್ಟು ಕೊಡಬೇಡಿ.

ಹಾಗಾದರೆ ಯಾವ ವಿಧಿ? ನಿಮ್ಮ ಮನೆಯಲ್ಲಿ ಮದುವೆಗೆ ಹೋಮ ಮಾಡುವ ಪದ್ಧತಿ ಇಲ್ಲದಿದ್ದರೆ ನಿಮ್ಮ ವಿಧಿಯನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಅಯ್ಯನವರು, ಅಂದರೆ ಲಿಂಗಾಯತ ಪುರೋಹಿತರು ಬಂದು, ಕಲಶವಿಟ್ಟು, ಇಷ್ಟಲಿಂಗ ಪೂಜೆ ಮಾಡಿಸಿ, ತಾಳಿ ಕಟ್ಟಿಸಿ, ಬಂದವರು ಅಕ್ಕಿಕಾಳು ಹಾಕುವ ಮದುವೆಗೆ ಒಂದು ಚಿಕ್ಕ ಅಂಗಳ ಸಾಕು. ಹನ್ನೆರಡು ಮಂದಿ ಅಕ್ಕಿಕಾಳು ಹಾಕಿದರೂ ಸಾವಿರ ಮಂದಿ ಹಾಕಿದರೂ ಕಾಯ್ದೆಯ ಕಣ್ಣಿಗೆ ಅದು ಒಂದೇ. ನಿಮ್ಮ ಮನೆತನದಲ್ಲಿ ಯಾವ ಯಾವ ಶಾಸ್ತ್ರ ತಪ್ಪದೆ ನಡೆಯುತ್ತದೆ ಎಂಬುದನ್ನು ಅವ್ವನನ್ನು ಕೇಳಿ ಬರೆದಿಟ್ಟುಕೊಂಡು, ಅದರಲ್ಲಿ ಒಂದನ್ನೂ ಬಿಡಬೇಡಿ. ವಿಧಿ ನಡೆಯುವಾಗ ನಡುವೆ ಕತ್ತರಿಸದ ಒಂದು ವಿಡಿಯೊ ಮಾಡಿಸಿ. ನಡೆಸಿಕೊಟ್ಟ ಅಯ್ಯನವರ ಹೆಸರು, ವಿಳಾಸ, ಸಹಿ ಇರುವ ಒಂದು ಪತ್ರವನ್ನು ಅಂದೇ ಪಡೆಯಿರಿ. ಜೈನ ವಿಧಿಯಾದರೆ ಅಗ್ನಿಯ ಸುತ್ತ ಸಪ್ತಪದಿ ಬರುತ್ತದೆ, ಮತ್ತು ಕಾಡಿನ ಅಂಚಿನಲ್ಲಿ ಬೆಂಕಿ ಎಂದರೆ ಬೇರೆಯದೇ ತೊಂದರೆಗಳಿವೆ. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಚಿಕ್ಕ ಮಾತು. ಹನ್ನೆರಡೇ ಮಂದಿ ಬರುವುದಾದರೂ ಲಗ್ನಪತ್ರಿಕೆ ಅಚ್ಚು ಹಾಕಿಸಿ. ನೋಂದಣಿಯ ಸಮಯದಲ್ಲಿ ಮದುವೆ ನಡೆದುದಕ್ಕೆ ಆಧಾರವಾಗಿ ಮೊದಲು ಕೇಳುವುದು ಅದನ್ನೇ. ಇಲ್ಲದಿದ್ದರೆ ಅಫಿಡವಿಟ್ ಮಾಡಿಸುತ್ತಾ ಓಡಾಡಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಮದುವೆ ನಡೆದ ಸ್ಥಳದ, ಅಥವಾ ಇಬ್ಬರಲ್ಲಿ ಒಬ್ಬರು ವಾಸವಿರುವ ಸ್ಥಳದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಿಂದೂ ವಿವಾಹ ನೋಂದಣಿ ಮಾಡಿಸಬಹುದು, ಮತ್ತು 2024ರಿಂದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕವೂ ಅರ್ಜಿ ಹಾಕುವ ವ್ಯವಸ್ಥೆ ಬಂದಿದೆ.

ಎರಡನೆಯ ದಾರಿಯಾದ ಸ್ಪೆಷಲ್ ಮ್ಯಾರೇಜ್ ಕಾಯ್ದೆಯ ಗುಣವೆಂದರೆ ಅಲ್ಲಿ ವಿಧಿಯ ವಾದಕ್ಕೇ ಎಡೆಯಿಲ್ಲ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ನಿಮಗೆ ತಿಳಿಯುವ ಭಾಷೆಯಲ್ಲಿ, ಇವರನ್ನು ನನ್ನ ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸಿದ್ದೇನೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಮದುವೆ ಪೂರ್ಣ. ಆಮೇಲೆ ಗುಡ್ಡದ ಮೇಲೆ ಹಾರ ಬದಲಾಯಿಸಿಕೊಳ್ಳಿ, ಕವಿತೆ ಓದಿ, ಏನು ಬೇಕಾದರೂ ಮಾಡಿ. ಅದರ ಮೇಲೆ ಕಾನೂನಿನ ಭಾರ ಬೀಳುವುದಿಲ್ಲ. ಪುರೋಹಿತರಿಲ್ಲದೆ ಪ್ರಮಾಣವಚನದಿಂದ ಸರಳ ಮದುವೆಯಾಗುವವರಿಗೂ ನಾನು ಈ ಕಾಯ್ದೆಯನ್ನೇ ಸೂಚಿಸುತ್ತೇನೆ.

ಆದರೆ ಈ ದಾರಿಯಲ್ಲಿ ಗುಟ್ಟು ಉಳಿಯುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನಗಳಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ನಿಮ್ಮವರು ಬೆಳಗಾವಿಯಲ್ಲೇ ಇರುವುದರಿಂದ ಆ ಷರತ್ತು ಪೂರೈಸುತ್ತದೆ. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಮತ್ತು ಅವರ ಕಾಯಂ ವಿಳಾಸ ಜಮಖಂಡಿಯಾದ್ದರಿಂದ ಅದರ ಪ್ರತಿಯನ್ನು ಬಾಗಲಕೋಟೆ ಜಿಲ್ಲೆಯ ಅಧಿಕಾರಿಗೆ ಕಳಿಸುತ್ತಾರೆ. ಅಲ್ಲಿಯೂ ಅದು ಫಲಕದ ಮೇಲೆ ಬರುತ್ತದೆ. 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಇಲ್ಲಿ ಜನರು ತಿಳಿಯದೆ ಹೆದರುವುದುಂಟು. ದೊಡ್ಡಪ್ಪನ ಅಸಮಾಧಾನ ಆಕ್ಷೇಪಣೆಗೆ ಆಧಾರವಾಗುವುದಿಲ್ಲ. ವಯಸ್ಸು, ಮೊದಲ ಮದುವೆ ಊರ್ಜಿತದಲ್ಲಿರುವುದು, ಮಾನಸಿಕ ಸಾಮರ್ಥ್ಯ, ಮದುವೆಗೆ ನಿಷಿದ್ಧವಾದ ಹತ್ತಿರದ ನಂಟು, ಈ ನಾಲ್ಕು ಮಾತ್ರ ಆಧಾರಗಳು. ಹಾಗಿದ್ದರೂ ಸುಳ್ಳು ಆಕ್ಷೇಪಣೆ ಬಂದರೆ ಅಧಿಕಾರಿ ವಿಚಾರಣೆಗೆ ಇನ್ನೂ 30 ದಿನ ತೆಗೆದುಕೊಳ್ಳಬಹುದು. ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಈ ಪ್ರಕಟಣೆಯನ್ನು ವಧುವರರ ಇಚ್ಛೆಗೆ ಬಿಟ್ಟಿತು, ಆದರೆ ಆ ತೀರ್ಪನ್ನು ತೋರಿಸಿ ನಮ್ಮ ಕಚೇರಿಗಳಲ್ಲಿ ಪ್ರಕಟಣೆ ತಪ್ಪಿಸಿಕೊಳ್ಳಬಹುದು ಎಂದು ಲೆಕ್ಕ ಹಾಕಬೇಡಿ. ಇನ್ನೊಂದು ಗಡುವೂ ಇದೆ: ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಅಧಿಕಾರಿಯನ್ನೇ ಘಟ್ಟಕ್ಕೆ ಕರೆದೊಯ್ಯಬಹುದೇ ಎಂದು ಕೆಲವರು ಕೇಳುತ್ತಾರೆ. ಕಚೇರಿಯಿಂದ ಸಮಂಜಸ ದೂರದಲ್ಲಿರುವ ಬೇರೆ ಸ್ಥಳದಲ್ಲಿ, ಹೆಚ್ಚುವರಿ ಶುಲ್ಕ ಕಟ್ಟಿ, ಮದುವೆ ನಡೆಸಲು 12ನೇ ಕಲಮು ಅವಕಾಶ ಕೊಡುತ್ತದೆ. ಅಂಬೋಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿದೆ, ಬೆಳಗಾವಿಯ ಅಧಿಕಾರಿಯ ಅಧಿಕಾರ ಅಲ್ಲಿ ನಡೆಯುವುದಿಲ್ಲ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ನಮ್ಮ ಜಿಲ್ಲೆಯೊಳಗೇ ಇವೆ. ಆದರೆ ಕಚೇರಿಯ ಕೆಲಸ ಬಿಟ್ಟು ಅಷ್ಟು ದೂರ ಬರಲು ಅಧಿಕಾರಿಗಳು ಒಪ್ಪುವುದು ಅಪರೂಪ. ಆ ಭರವಸೆಯ ಮೇಲೆ ದಿನ ಗೊತ್ತುಮಾಡಬೇಡಿ.

ಆಸ್ತಿಯ ವಿಚಾರ. ನಿಮ್ಮನ್ನು ಹೆದರಿಸುತ್ತಿರುವವರು ಹೇಳುವುದು ತಪ್ಪು. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿ ಮದುವೆಯಾದವರನ್ನೂ ಸೇರಿಸಿತು, ಮತ್ತು ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತು. ಯಾರನ್ನು, ಎಲ್ಲಿ, ಹೇಗೆ ಮದುವೆಯಾದಿರಿ ಎಂಬುದರಿಂದ ಆ ಪಾಲು ಕಡಿಮೆಯಾಗುವುದಿಲ್ಲ. ನಿಮ್ಮ ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಮತ್ತು ಪಿತ್ರಾರ್ಜಿತದಲ್ಲಿ ತಮ್ಮದೇ ಆದ ಪಾಲನ್ನು ಮರಣಪತ್ರ (ವಿಲ್) ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಅದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು. ಸ್ಪೆಷಲ್ ಮ್ಯಾರೇಜ್ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಎಂಬ ಮಾತಿಗೆ ಆ ಕಾಯ್ದೆಯ 19ನೇ ಕಲಮು ಆಧಾರ. ಆದರೆ ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಧರ್ಮದವರಾಗಿದ್ದರೆ ಅದು ಅನ್ವಯಿಸುವುದಿಲ್ಲ ಎಂದು 21ಎ ಕಲಮು ಹೇಳುತ್ತದೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ನಿಮ್ಮ ಪಾಲಿಗೆ ಧಕ್ಕೆ ಇಲ್ಲ.

ಪೊಲೀಸರ ಪ್ರಶ್ನೆಗೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆಯಿದೆ. ಉಪನ್ಯಾಸಕಿಯೊಬ್ಬರು ಮನೆಯವರಿಗೆ ತಿಳಿಸದೆ ಹೋಗಿ ಮದುವೆಯಾದಾಗ ತಂದೆ ಮುರಗೋಡ ಠಾಣೆಯಲ್ಲಿ ಕಾಣೆಯಾದ ದೂರು ಕೊಟ್ಟಿದ್ದರು. ಮದುವೆಯಾಗಿದೆ ಎಂದು ಆಕೆ ತಿಳಿಸಿದ ಮೇಲೂ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಒತ್ತಾಯ ನಡೆಯಿತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದುಪಡಿಸಿತು. ಇಬ್ಬರು ವಯಸ್ಕರು ಒಪ್ಪಿ ಮದುವೆಯಾದ ಮೇಲೆ ಮನೆತನದ, ಸಮುದಾಯದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ತನಿಖಾಧಿಕಾರಿಯ ನಡೆಯನ್ನು ಕಟುವಾಗಿ ಆಕ್ಷೇಪಿಸಿತು. ಇಂಥ ಪ್ರಕರಣಗಳನ್ನು ಹೇಗೆ ನಿಭಾಯಿಸಬೇಕೆಂದು ಪೊಲೀಸರಿಗೆ ತರಬೇತಿ ಕೊಡಬೇಕು ಎಂದೂ ಹೇಳಿತು. ಕಾನೂನು ನಿಮ್ಮ ಪರವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ದಂಪತಿ ಆ ಮಾತು ಕೇಳಲು ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ಎಂಬುದನ್ನೂ ನೀವು ಗಮನಿಸಬೇಕು. ಅದನ್ನು ತಪ್ಪಿಸಲು ಒಂದು ಸುಲಭದ ಕ್ರಮವಿದೆ. ಮದುವೆಯ ಕೆಲವು ದಿನ ಮೊದಲು ನೀವಿಬ್ಬರೂ ವಯಸ್ಸಿನ ದಾಖಲೆಯ ಪ್ರತಿ ಇಟ್ಟು, ನಾವು ಸ್ವ ಇಚ್ಛೆಯಿಂದ ಮದುವೆಯಾಗುತ್ತಿದ್ದೇವೆ ಎಂಬ ಪತ್ರವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರಾಣಭಯವಿದ್ದರೆ ರಕ್ಷಣೆ ಕೊಡುವ ಹೊಣೆಯನ್ನು 2018ರ ಸುಪ್ರೀಂ ಕೋರ್ಟ್ ತೀರ್ಪು ಪೊಲೀಸರ ಮೇಲೆ ಹೊರಿಸಿದೆ.

ಇಲ್ಲಿ ನಾನು ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ‘ಆಮೇಲೆ ತಿಳಿಸುತ್ತೇವೆ’ ಎಂಬ ನಿಮ್ಮ ವಾಕ್ಯ ನನ್ನನ್ನು ಕಾಡುತ್ತಿದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ ಪ್ರೀತಿಸಿದ ಜೋಡಿಯೊಂದು ಊರು ಬಿಟ್ಟ ರಾತ್ರಿ ನಡೆದುದನ್ನು ನಮ್ಮ ಭಾಗದವರು ಮರೆತಿಲ್ಲ. ಹೋದವರು ಕೈಗೆ ಸಿಗಲಿಲ್ಲ. ಮನೆಯಲ್ಲಿದ್ದ ಹುಡುಗನ ತಾಯಿಯ ಮೇಲೆ ಅಮಾನುಷ ಹಲ್ಲೆ ನಡೆಯಿತು. ಹೈಕೋರ್ಟ್ ತಾನೇ ಮುಂದಾಗಿ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ನಿಮ್ಮ ದೊಡ್ಡಪ್ಪ ಅಂಥವರು ಎಂದು ನಾನು ಹೇಳುತ್ತಿಲ್ಲ. ಆದರೆ ಗುಟ್ಟಿನ ಮದುವೆಯ ಅಪಾಯ ಮದುವೆಯಾದವರಿಗಿಂತ ಮನೆಯಲ್ಲಿ ಉಳಿದವರ ಮೇಲೆ ಮೊದಲು ಬೀಳುತ್ತದೆ, ಅದರಲ್ಲೂ ಗೊತ್ತಿದ್ದೂ ಸುಮ್ಮನಿದ್ದರು ಎಂಬ ಆರೋಪ ಹೊರುವ ತಾಯಂದಿರ ಮೇಲೆ. ನಿಮ್ಮ ಅವ್ವನಿಗೆ ಒಪ್ಪಿಗೆ ಇದೆ ಎಂದಿದ್ದೀರಿ. ನೀವು ಘಟ್ಟದ ಮೇಲಿರುವ ಹೊತ್ತಿಗೆ ಅವರು ಬೈಲಹೊಂಗಲದ ಮನೆಯಲ್ಲಿ ಒಬ್ಬರೇ ಎಲ್ಲರಿಗೂ ಉತ್ತರ ಕೊಡುತ್ತಾ ಕೂರಬಾರದು. ಅವರು ಆ ಹನ್ನೆರಡು ಮಂದಿಯಲ್ಲಿ ಒಬ್ಬರಾಗಿರಲಿ.

ಅಪ್ಪನ ಮೌನದ ಬಗ್ಗೆಯೂ ನನ್ನ ಅನುಭವದ ಒಂದು ಮಾತು. ನಮ್ಮ ಕಡೆ ತಂದೆಯಾದವರು ಅಣ್ಣನ ಎದುರು ಮಗಳ ಪರ ಮಾತಾಡಲಾರದೆ ಸುಮ್ಮನಿರುವುದು ಸಾಮಾನ್ಯ, ಮತ್ತು ಆ ಮೌನವನ್ನು ಮಕ್ಕಳು ವಿರೋಧ ಎಂದು ತಿಳಿಯುವುದೂ ಸಾಮಾನ್ಯ. ‘ಮಂದಿ ಏನಂತಾರ’ ಎಂಬ ಚಿಂತೆ ಅವರಿಗೆ ನಿಮ್ಮ ಆಯ್ಕೆಗಿಂತ ದೊಡ್ಡದಾಗಿರಬಹುದು. ದಿನ, ಸ್ಥಳ, ವಿಧಿ ಗೊತ್ತಾದ ಮೇಲೆ ಅವರಿಗೆ ನೇರವಾಗಿ, ಒಬ್ಬರೇ ಇರುವಾಗ ತಿಳಿಸಿ. ಅನುಮತಿ ಕೇಳುವ ಧಾಟಿ ಬೇಡ, ಬರಬೇಕೆಂದು ಕರೆಯಿರಿ. ಮದುವೆ ಅವರ ಮನೆಯ ವಿಧಿಯಂತೆಯೇ, ಅಯ್ಯನವರ ಕೈಯಿಂದಲೇ ನಡೆಯುತ್ತದೆ ಎಂಬ ಮಾತಿಗೆ ಅವರ ಮನಸ್ಸಿನಲ್ಲಿ ಇರುವ ಬೆಲೆ ನಿಮಗೆ ಆಶ್ಚರ್ಯ ತರಬಹುದು. ಮನೆಯವರಿಂದ ಹೊಡೆತ, ಕೂಡಿಹಾಕುವುದು, ಬೆದರಿಕೆ ಈಗಾಗಲೇ ನಡೆದಿದ್ದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ: ಆಗ ಘಟ್ಟವನ್ನು ಪಕ್ಕಕ್ಕಿಟ್ಟು, ಮೊದಲು ವಕೀಲರನ್ನು ಕಂಡು, ರಕ್ಷಣೆಯ ವ್ಯವಸ್ಥೆ ಮಾಡಿಕೊಂಡು, ಊರಿನೊಳಗೇ ಮದುವೆಯಾಗಿ. ಸಿಗ್ನಲ್ ಸಿಗದ ಕಾಡು ಅಂಥವರಿಗೆ ಸುರಕ್ಷಿತ ಜಾಗವಲ್ಲ.

ಇನ್ನು ಕಾಲದ ವಿಚಾರ. ದಸರಾ ಮತ್ತು ದೀಪಾವಳಿ ನಡುವಿನ ದಿನಗಳಿಗೆ ಎರಡು ತೊಡಕುಗಳಿವೆ. ಆಷಾಢ ಏಕಾದಶಿಯಿಂದ ತುಳಸಿ ಲಗ್ನದವರೆಗೆ ನಮ್ಮ ಕಡೆ ಲಗ್ನದ ಮುಹೂರ್ತ ನೋಡುವುದಿಲ್ಲ. ಕಾಯ್ದೆಗೆ ಮುಹೂರ್ತದ ಗೊಡವೆಯಿಲ್ಲ, ಅಕ್ಟೋಬರ್‌ನಲ್ಲಿ ಆದ ಮದುವೆಯೂ ಅಷ್ಟೇ ಸಿಂಧು. ಆದರೆ ಅಯ್ಯನವರು ಸಿಗುವುದು ಕಷ್ಟ, ಹಿರಿಯರಿಗೆ ಬಾರದಿರಲು ಒಂದು ನೆವ ಸುಲಭ. ಎರಡನೆಯದು ಮಳೆ. ಮುಂಗಾರು ನಮ್ಮ ಭಾಗದಿಂದ ಹಿಂದೆ ಸರಿಯುವುದೇ ಅಕ್ಟೋಬರ್ ನಡುವಿನ ಹೊತ್ತಿಗೆ, ಮತ್ತು ಆ ತಿಂಗಳಿಡೀ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದುಂಟು. ಬಯಲು ಗುಡ್ಡದ ನೆತ್ತಿಯ ಮೇಲೆ ಸಿಡಿಲಿಗೆ ಸಿಕ್ಕರೆ ಓಡಿ ಸೇರಲು ಜಾಗವಿರುವುದಿಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಕಾಣುವ ಅಂಬೋಲಿಯಂಥಲ್ಲಿ ನೆಲ, ಕಲ್ಲು, ಹಳ್ಳದ ದಂಡೆ ಎಲ್ಲವೂ ಅಕ್ಟೋಬರ್‌ನಲ್ಲಿ ಇನ್ನೂ ಜಾರುತ್ತಿರುತ್ತವೆ, ಇಂಬಳದ ಕಾಟವೂ ಪೂರ್ತಿ ಹೋಗಿರುವುದಿಲ್ಲ. ತುಳಸಿ ಲಗ್ನ ಮುಗಿದ ಮೇಲಿನ ನವೆಂಬರ್ ದಿನಗಳನ್ನು ಆರಿಸಿಕೊಂಡರೆ ಎರಡೂ ತೊಡಕು ಒಟ್ಟಿಗೆ ಕಳೆಯುತ್ತವೆ. ಘಟ್ಟದ ಹಸಿರು ಆಗಲೂ ಇರುತ್ತದೆ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾದರೆ ಆಗಲೂ ಮಳೆ ಬರಬಹುದು, ಆದ್ದರಿಂದ ಮೇಲೆ ಸೂರು ಇರುವ ಒಂದು ಪಡಸಾಲೆ ಕೈಯಳತೆಯಲ್ಲಿರಲಿ.

ಸೂರ್ಯೋದಯದ ಮದುವೆಯನ್ನು ಬಿಟ್ಟುಬಿಡಿ. ಆ ದಿನಗಳಲ್ಲಿ ಘಟ್ಟದಂಚು ಬೆಳಗಿನ ಹೊತ್ತು ಮಂಜಿನಲ್ಲಿ ಮುಳುಗಿರುವುದೇ ಹೆಚ್ಚು. ನಿಮ್ಮ ಸೂರ್ಯ ಕಾಣುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಮಂದಿಯನ್ನು ಕತ್ತಲಲ್ಲಿ ಆ ತಿರುವಿನ ರಸ್ತೆಯಲ್ಲಿ ಕರೆತರಬೇಕಾಗುತ್ತದೆ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ವಿಧಿ ಇಟ್ಟುಕೊಂಡು, ಸಂಜೆ ಆರರ ಸುಮಾರಿಗೆ ಕತ್ತಲಾಗುವ ಮೊದಲು ಎಲ್ಲರೂ ತಂಗುವ ಜಾಗ ಸೇರುವಂತೆ ನೋಡಿಕೊಳ್ಳಿ.

ಸ್ಥಳದ ಬಗ್ಗೆ ನೀವು ಕೊಟ್ಟ ಪಟ್ಟಿಯಲ್ಲಿ ಭೀಮಗಡದ ಹಳ್ಳದ ದಂಡೆಯನ್ನು ಮೊದಲು ಹೊಡೆದುಹಾಕಿ. ಸುಮಾರು 190 ಚದರ ಕಿಲೋಮೀಟರಿನ ಆ ಕಾಡು 2011ರಿಂದ ವನ್ಯಜೀವಿ ಧಾಮ. ಅದರೊಳಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಪರವಾನಗಿ ಬೇಕು. ಪರವಾನಗಿ ಕೊಡಬಹುದಾದ ಉದ್ದೇಶಗಳ ಪಟ್ಟಿಯಲ್ಲಿ ಅಧ್ಯಯನ, ಛಾಯಾಗ್ರಹಣ, ಪ್ರವಾಸ ಇವೆ, ಸಮಾರಂಭ ಇಲ್ಲ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅದೇ ಕಾಯ್ದೆಯ 30ನೇ ಕಲಮಿನಂತೆ ನಿಷಿದ್ಧ. ಅಲ್ಲಿನ ಬಾರಾಪೆಡೆ ಗವಿಗಳಲ್ಲಿ ರಾಟನ್ನನ ಬಾವಲಿ ಎಂಬ, ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಕಂಡಿರುವ ಜೀವಿ ಇದೆ. ಅಂಥ ಕಡೆ ವಾದ್ಯ, ದೀಪ, ಡ್ರೋನ್ ಒಯ್ಯಬಾರದೆಂದು ಹೇಳಲು ಕಾಯ್ದೆಯೂ ಬೇಕಿಲ್ಲ. ಮೀಸಲು ಅರಣ್ಯದಲ್ಲಿರುವ ಜಲಪಾತಗಳಿಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಬಾದಾಮಿಯ ಗುಡ್ಡದ ಮೇಲಿನ ಗುಡಿಗಳ ವಿಚಾರ ಯಾರಾದರೂ ಎತ್ತಿದರೆ, ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಸಮಾರಂಭ ಮಾಡುವಂತಿಲ್ಲ ಎಂಬುದು ನೆನಪಿರಲಿ.

ಉಳಿಯುವುದು ಮಾಲ್ಕಿ ಜಮೀನು, ಅಂದರೆ ಖಾಸಗಿಯವರ ಸ್ವಂತ ಜಮೀನು. ಜಾಂಬೋಟಿಯಿಂದ ಕಣಕುಂಬಿವರೆಗಿನ ದಾರಿಯಲ್ಲಿ ಊರಿನವರ ಸ್ವಂತ ತೋಟದ ಮನೆಗಳು, ಹೋಂಸ್ಟೇಗಳು ಇವೆ. ಕಣಕುಂಬಿ ಮಲಪ್ರಭೆ ಹುಟ್ಟುವ ಊರು. ನಿಮ್ಮ ಬೈಲಹೊಂಗಲ ಸೀಮೆಯ ಹೊಲಗಳಿಗೆ ಬರುವ ನೀರು ಅಲ್ಲಿಂದ ಹೊರಡುತ್ತದೆ, ಅಂಬೋಲಿಗಿಂತ ಅದು ನಿಮಗೆ ಹೆಚ್ಚು ಹತ್ತಿರದ್ದೆಂದು ನನಗೆ ಅನಿಸುತ್ತದೆ. ಜಾಗ ಗೊತ್ತುಮಾಡುವ ಮೊದಲು ಮಾಲೀಕರಿಂದ ಉತಾರ (ಪಹಣಿ) ತರಿಸಿ ನೋಡಿ. ಕಾಡಿನಂಚಿನ ಜಮೀನುಗಳಲ್ಲಿ ಬೇಲಿಯ ಆಚೆಗಿನದು ಅರಣ್ಯ ಇಲಾಖೆಗೆ ಸೇರಿದ್ದು, ಫೋಟೊ ಚೆನ್ನಾಗಿ ಬರುವ ಆ ಬಂಡೆ ಬಹುತೇಕ ಬೇಲಿಯ ಆಚೆಯೇ ಇರುತ್ತದೆ.

ಹೋಮದ ಹೊಗೆಯ ಮಾತು ಬಾಕಿ ಇತ್ತು. ಘಟ್ಟದ ದೊಡ್ಡ ಮರಗಳಲ್ಲಿ, ಬಂಡೆಯ ಚಾಚುಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಹೊಗೆ, ಪಟಾಕಿ, ಗಾಢ ಸುಗಂಧ ತಾಗಿದರೆ ಅದು ಹಿಂಡಾಗಿ ಎರಗುತ್ತದೆ ಮತ್ತು ಬಹುದೂರ ಬೆನ್ನಟ್ಟುತ್ತದೆ. ಅಲರ್ಜಿ ಇದ್ದವರಿಗೆ ಒಂದು ಕಡಿತವೂ ಪ್ರಾಣಾಪಾಯ ತರಬಹುದು. ಅಲ್ಲಿಂದ ದೊಡ್ಡ ಆಸ್ಪತ್ರೆ ಎಂದರೆ ಬೆಳಗಾವಿಯೇ. ಹಿಂದಿನ ದಿನ ಸ್ಥಳೀಯರೊಬ್ಬರನ್ನು ಕರೆದುಕೊಂಡು ಸುತ್ತಲಿನ ಮರಗಳನ್ನು ನೋಡಿಸಿ. ಒಂದು ವಾಹನ ಚಾಲಕನ ಸಮೇತ ಸದಾ ಸಿದ್ಧವಿರಲಿ. ಜೊತೆಗೆ, ಗಡಿಯಾಚೆಯ ದೋಡಾಮಾರ್ಗ ಮತ್ತು ಸತ್ತರಿ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದೆ. ರಕ್ತ ಹೀರುವ ಉಣುಗಿನಿಂದ ಹರಡುವ ಆ ಕಾಯಿಲೆಯ ಕಾಲ ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ಗೆ ಶುರುವಾಗಿ ಬೇಸಿಗೆಯವರೆಗೆ ಇರುತ್ತದೆ. ಪಂಚೆ, ಸೀರೆ ಉಟ್ಟು ತರಗೆಲೆಯ ಮೇಲೆ ಕೂರಬೇಡಿ, ಚಾಪೆ ಜಮಖಾನೆ ಹಾಸಿ, ಮನೆಗೆ ಬಂದ ಮೇಲೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿ. ಆಮೇಲಿನ ವಾರಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲಿ.

ಮನಾಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಟೋಬರ್‌ನಲ್ಲಿ ಅಲ್ಲಿ ಆಕಾಶ ತಿಳಿಯಾಗಿರುತ್ತದೆ ಎಂಬುದು ನಿಜ, ಮತ್ತು ಸುಮಾರು 2,000 ಮೀಟರ್ ಎತ್ತರದ ಆ ಊರಿನಲ್ಲಿ ಉಸಿರಾಟದ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. 2,500 ಮೀಟರಿನ ಮೇಲೆ ಹೋದರೆ ಹಿರಿಯರ ಬಗ್ಗೆ ಯೋಚಿಸಬೇಕು. ಅಲ್ಲಿ ನಿಮ್ಮ ಮನೆಯ ವಿಧಿ ಬಲ್ಲ ಅಯ್ಯನವರು ಸಿಗುವುದಿಲ್ಲ, ಸ್ಪೆಷಲ್ ಮ್ಯಾರೇಜ್ ಕಾಯ್ದೆಯಾದರೆ 30 ದಿನದ ವಾಸದ ಷರತ್ತು ಅಡ್ಡ ಬರುತ್ತದೆ, ಮತ್ತು ಅಷ್ಟು ದೂರಕ್ಕೆ ನಿಮ್ಮ ಅವ್ವ ಬರಲಾರರು. ಬೆಳಗಾವಿಯಲ್ಲಿ ಮದುವೆಯಾಗಿ, ಅಲ್ಲಿಗೆ ನೀವಿಬ್ಬರೇ ಹೋಗಿ ಬನ್ನಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ, ತುಳಸಿ ಲಗ್ನದ ನಂತರದ ಒಂದು ದಿನ, ಕಣಕುಂಬಿ ಕಡೆಯ ಮಾಲ್ಕಿ ಜಾಗದಲ್ಲಿ, ನಿಮ್ಮ ಮನೆಯ ವಿಧಿಯಂತೆ, ಅವ್ವ ಮತ್ತು ಜಮಖಂಡಿಯ ಅತ್ತೆ ಮಾವಂದಿರು ಇರುವಂತೆ ಮದುವೆಯಾಗಿ, ಮರುವಾರವೇ ಬೆಳಗಾವಿಯಲ್ಲಿ ನೋಂದಣಿ ಮಾಡಿಸುತ್ತಿದ್ದೆ. ಸಾವಿರ ಮಂದಿಯ ಊಟ ಅವರ ಮನೆಯವರಿಗೆ ಬೇಕೇ ಬೇಕೆಂದರೆ ಅದನ್ನು ಆಮೇಲೊಂದು ದಿನ ಜಮಖಂಡಿಯಲ್ಲಿ ಅವರೇ ಮಾಡಲಿ. ಅದು ಮದುವೆಯ ಭಾಗವಲ್ಲ, ಅದರ ಮೇಲೆ ನಿಮ್ಮ ಲಗ್ನದ ಸಿಂಧುತ್ವ ನಿಂತಿಲ್ಲ. ವಿಧಿಯಲ್ಲಿ ನಿಮಗೆ ನಂಬಿಕೆಯೇ ಇಲ್ಲವಾದರೆ, ಅಥವಾ ಅಯ್ಯನವರು ಪೂರ್ಣ ವಿಧಿ ನಡೆಸಿಕೊಡುವ ಬಗ್ಗೆ ಅನುಮಾನವಿದ್ದರೆ, ಸೆಪ್ಟೆಂಬರ್ ಕೊನೆಯಲ್ಲಿ ಬೆಳಗಾವಿಯ ವಿವಾಹಾಧಿಕಾರಿಗೆ ನೋಟಿಸು ಕೊಡಿ. ಆಗ ನವೆಂಬರ್ ಕೊನೆಯವರೆಗೆ, ಒಂದು ಆಕ್ಷೇಪಣೆ ಬಂದು ವಿಚಾರಣೆ ನಡೆದರೂ, ಮೂರು ತಿಂಗಳ ಗಡುವಿನೊಳಗೇ ನಿಮ್ಮ ದಿನ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಇಬ್ಬರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿಳಾಸದ ದಾಖಲೆ, ಫೋಟೊಗಳನ್ನು ಈಗಲೇ ಒಂದೆಡೆ ಸೇರಿಸಿಡಿ. ಸಾಕ್ಷಿಗಳಾಗಿ ಮೂವರನ್ನು ಈಗಲೇ ಗೊತ್ತುಮಾಡಿ. ಗೆಳೆಯರಾದರೂ ನಡೆಯುತ್ತದೆ, ಆದರೆ ಮೂವರಲ್ಲಿ ಒಬ್ಬರಾದರೂ ನಿಮ್ಮ ರಕ್ತಸಂಬಂಧಿಯಾಗಿರಲಿ, ಮತ್ತು ಮೂವರೂ ಮದುವೆಯ ದಿನದಂತೆ ಕಚೇರಿಯ ದಿನವೂ ಗುರುತಿನ ಚೀಟಿಯೊಂದಿಗೆ ಬರಬಲ್ಲವರಾಗಿರಲಿ.